‘ಕಟ್’ ಎಂಬ ಒಂದೇ ಕತ್ತಿ

ಇಂಗ್ಲಿಷಿನ ಮೂರೇ ಅಕ್ಷರಗಳ ಒಂದು ಪುಟ್ಟ ಪದ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಸಂಸಾರ ಹೂಡಿದೆ. ಆ ಪದ ‘ಕಟ್’. ನಾವು ಈಗ ತರಕಾರಿ ಕಟ್ ಮಾಡುತ್ತೇವೆ, ಮರ ಕಟ್ ಮಾಡುತ್ತೇವೆ, ಬಟ್ಟೆ ಕಟ್ ಮಾಡುತ್ತೇವೆ, ಉಗುರು ಕಟ್ ಮಾಡುತ್ತೇವೆ, ಬೆಳೆದು ನಿಂತ ಪೈರನ್ನೂ ಕಟ್ ಮಾಡುತ್ತೇವೆ. ಫೋನು ಕಟ್ ಆಗುತ್ತದೆ, ಸಂಬಳ ಕಟ್ ಆಗುತ್ತದೆ, ಗಾಳಿಪಟದ ದಾರ ಕಟ್ ಆಗುತ್ತದೆ, ಕೊನೆಗೆ ಹತ್ತು ವರ್ಷದ ಗೆಳೆತನವೂ ಕಟ್ ಆಗುತ್ತದೆ. ಈ ಮೇಷ್ಟ್ರು ನಿವೃತ್ತರಾದರೂ ಕೆಂಪು ಶಾಯಿಯ ಪೆನ್ನನ್ನು ಕೆಳಗಿಟ್ಟಿಲ್ಲವಲ್ಲ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ, ಆದರೆ ಕೊನೆಯವರೆಗೆ ಓದಿ ಆಮೇಲೆ ನಗಲಿ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಇಂಗ್ಲಿಷಿನ ವೈರಿಯಲ್ಲ. ಬಾಳಿನ ಬಹುಭಾಗ ಆ ಭಾಷೆಯನ್ನು ಕಲಿಸಿಯೇ ಅನ್ನ ಉಂಡವನು. ‘ಕಟ್’ ಪದದ ಮೇಲೂ ನನಗೆ ಸಿಟ್ಟಿಲ್ಲ. ನನ್ನ ತಕರಾರು ಇಷ್ಟೇ: ಈ ಒಂದು ಪದವನ್ನು ಎಲ್ಲದಕ್ಕೂ ಹಚ್ಚುವವರು ಇಂಗ್ಲಿಷನ್ನು ಕಲಿಯುತ್ತಿಲ್ಲ, ಕನ್ನಡವನ್ನು ಬೆಳೆಸುತ್ತಲೂ ಇಲ್ಲ. ಎರಡೂ ಭಾಷೆಗಳಲ್ಲಿ ಬಡವರಾಗುತ್ತಿದ್ದಾರೆ. ಆ ಬಡತನವನ್ನೇ ಮಕ್ಕಳಿಗೆ ಆಸ್ತಿಯಾಗಿ ಬರೆದುಕೊಡುತ್ತಿದ್ದಾರೆ.

ಒಂದು ಪದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ದೋಷವಲ್ಲ, ಅದರ ಚೈತನ್ಯ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ದೀರ್ಘವಾದ ವಿವರಣೆ ದೊರೆತದ್ದು ‘ಸೆಟ್’ ಎಂಬ ಸಣ್ಣ ಕ್ರಿಯಾಪದಕ್ಕೆ. ಆ ವಿವರಣೆಯೇ ಸುಮಾರು 60,000 ಪದಗಳಷ್ಟಿದೆ. 2011ರ ಹೊತ್ತಿಗೆ ಪರಿಷ್ಕರಣೆಯಲ್ಲಿ ‘ರನ್’ ಎಂಬ ಇನ್ನೊಂದು ಸಣ್ಣ ಪದ 645 ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು. ‘ಕಟ್’ ಕೂಡ ಇದೇ ಜಾತಿಯದು. ಅದು ಕತ್ತರಿಸುವುದೂ ಹೌದು, ಬೆಲೆ ಇಳಿಸುವುದೂ ಹೌದು, ತರಗತಿಗೆ ಚಕ್ಕರ್ ಹೊಡೆಯುವುದೂ ಹೌದು, ಇಸ್ಪೀಟಿನ ಕಟ್ಟನ್ನು ಎರಡು ಮಾಡುವುದೂ ಹೌದು, ಉಡುಪಿನ ಹೊಲಿಗೆಯ ಮಾಟವೂ ಹೌದು. ವರ್ತಮಾನ, ಭೂತ, ಕೃದಂತ ಮೂರರಲ್ಲೂ ‘ಕಟ್, ಕಟ್, ಕಟ್’ ಎಂದು ಒಂದೇ ರೂಪ. ಎಂಟನೆಯ ತರಗತಿಯ ಮಕ್ಕಳಿಗೆ ಇಷ್ಟು ಸುಲಭವಾಗಿ ಬಾಯಿಪಾಠವಾಗುತ್ತಿದ್ದ ಕ್ರಿಯಾಪದ ಮತ್ತೊಂದಿರಲಿಲ್ಲ.

ಆದರೆ ಸುಲಭವಾಗಿ ನಾಲಿಗೆಗೆ ಬಂದದ್ದು ಅಷ್ಟೇ ಸುಲಭವಾಗಿ ಅರ್ಥವಾಗುವುದಿಲ್ಲ. ‘ಹಿ ಕಟ್ ಎ ಸಾರಿ ಫಿಗರ್’ ಎಂಬ ವಾಕ್ಯವನ್ನು ಕನ್ನಡಿಸಲು ಕೊಟ್ಟರೆ ‘ಅವನು ದುಃಖದ ಚಿತ್ರವನ್ನು ಕತ್ತರಿಸಿದನು’ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ‘ಅವನು ನಗೆಪಾಟಲಾದನು’ ಎಂದು ಬರೆಯುವುದಕ್ಕೆ ಇಂಗ್ಲಿಷ್ ಗೊತ್ತಿದ್ದರೆ ಸಾಲದು, ಕನ್ನಡವೂ ಗೊತ್ತಿರಬೇಕು. ಬಟ್ಟೆ ಇದ್ದಷ್ಟಕ್ಕೆ ಕೋಟನ್ನು ‘ಕಟ್’ ಮಾಡು ಎಂದು ಇಂಗ್ಲಿಷರ ಗಾದೆ. ನಮ್ಮದು ‘ಹಾಸಿಗೆ ಇದ್ದಷ್ಟು ಕಾಲು ಚಾಚು’. ಅಲ್ಲಿ ಕತ್ತರಿಯಿದೆ, ಇಲ್ಲಿ ಕಾಲಿದೆ, ವಿವೇಕ ಒಂದೇ.

ಇನ್ನು ಇಂಗ್ಲಿಷರಾದರೂ ಎಲ್ಲವನ್ನೂ ‘ಕಟ್’ ಮಾಡುತ್ತಾರೆಯೇ? ಇಲ್ಲ. ತರಕಾರಿಗೆ ಅವರಿಗೆ ಚಾಪ್ ಇದೆ, ಬ್ರೆಡ್ಡಿಗೆ ಸ್ಲೈಸ್ ಇದೆ, ಮಾಂಸಕ್ಕೆ ಮಿನ್ಸ್ ಇದೆ, ಪೈರಿಗೆ ರೀಪ್ ಇದೆ, ಹುಲ್ಲಿಗೆ ಮೋ ಇದೆ, ಗಿಡಕ್ಕೆ ಪ್ರೂನ್ ಇದೆ, ಕುರಿಯ ಉಣ್ಣೆಗೆ ಶಿಯರ್ ಇದೆ, ಮರಗೆಲಸಕ್ಕೆ ಸಾ ಮತ್ತು ಕಾರ್ವ್ ಇವೆ. ನಮ್ಮ ಮಕ್ಕಳು ಅವುಗಳಲ್ಲಿ ಒಂದನ್ನಾದರೂ ಮನೆಗೆ ತಂದಿದ್ದರೆ ನಾನು ಸಂತೋಷಪಡುತ್ತಿದ್ದೆ. ಅವರು ತಂದದ್ದು ಒಂದೇ ಕತ್ತಿ. ಅದರಲ್ಲೇ ಸೊಪ್ಪೂ ಆಗಬೇಕು, ಸೌದೆಯೂ ಆಗಬೇಕು.

ಈಗ ನಮ್ಮದನ್ನು ನೋಡೋಣ. ಕನ್ನಡದಲ್ಲಿ ಈ ಕೆಲಸದ ಕ್ರಿಯಾಪದಗಳು ತಮ್ಮ ತಮ್ಮ ಸಲಕರಣೆಗಳ ಜೊತೆಯಲ್ಲೇ ಬದುಕಿದವು. ಈಳಿಗೆಮಣೆಯ ಮೇಲೆ ತರಕಾರಿ ಹೆಚ್ಚುತ್ತಿದ್ದರು. ಕುಡುಗೋಲಿನಿಂದ ರಾಗಿಯ ಪೈರು ಕೊಯ್ಯುತ್ತಿದ್ದರು. ಕೊಡಲಿಯಿಂದ ಮರ ಕಡಿಯುತ್ತಿದ್ದರು, ಬಿದ್ದ ಮರದ ಸೌದೆ ಸೀಳುತ್ತಿದ್ದರು. ಮಚ್ಚಿನಿಂದ ಬೇಲಿಯ ಕೊಂಬೆ ಸವರುತ್ತಿದ್ದರು, ಎಳನೀರು ಕೆತ್ತುತ್ತಿದ್ದರು. ಗರಗಸದಿಂದ ಹಲಗೆ ಕೊಯ್ಯುತ್ತಿದ್ದರು, ಕತ್ತರಿಯಿಂದ ಬಟ್ಟೆ ಕತ್ತರಿಸುತ್ತಿದ್ದರು. ಕುಡಿಯನ್ನು ಉಗುರಿನಿಂದ ಚಿವುಟುತ್ತಿದ್ದರು. ಮಾಂಸವನ್ನು ಕೊಚ್ಚುತ್ತಿದ್ದರು. ಹಗ್ಗ ಹಳೆಯದಾದರೆ ಯಾರೂ ಮುಟ್ಟದೆ ತಾನೇ ಹರಿಯುತ್ತಿತ್ತು. ಉಗುರನ್ನಂತೂ ಕತ್ತರಿಸುತ್ತಲೇ ಇರಲಿಲ್ಲ, ‘ತೆಗೆಯುತ್ತಿದ್ದರು’. ಕ್ರಿಯಾಪದ ಕೇಳಿದ ಮಾತ್ರಕ್ಕೆ ಕೈಯಲ್ಲಿ ಯಾವ ಆಯುಧವಿದೆ, ಎದುರಿಗೆ ಯಾವ ವಸ್ತುವಿದೆ, ಎಷ್ಟು ಬಲ ಬೇಕು ಎಂಬುದೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿಯೇಕೆ’ ಎಂಬ ಗಾದೆಯ ಜೀವವಿರುವುದೂ ಈ ವಿವೇಕದಲ್ಲೇ. ಚಿವುಟುವುದನ್ನೂ ಕಡಿಯುವುದನ್ನೂ ಒಂದೇ ಪದದಿಂದ ಹೇಳುವವನಿಗೆ ಆ ಗಾದೆ ಹೇಗೆ ತಾನೇ ಅರ್ಥವಾದೀತು?

ಇವುಗಳಿಂದ ಹುಟ್ಟಿದ ನುಡಿಗಟ್ಟುಗಳನ್ನು ನೆನೆಯಿರಿ. ನಂಬಿದವನು ಕತ್ತು ಕೊಯ್ಯುತ್ತಾನೆ. ಮಾಗಿಯ ಚಳಿ ಕೊರೆಯುತ್ತದೆ. ಬೇಡದ ಮಾತು ತಲೆ ಕೊರೆಯುತ್ತದೆ. ಹಿಂದಿನ ಬೆಂಚಿನ ಮಹನೀಯರು ‘ಮೇಷ್ಟ್ರು ಇವತ್ತು ಬಹಳ ಕುಯ್ದರು’ ಎಂದು ನನ್ನ ಬಗ್ಗೆಯೇ ಹೇಳುತ್ತಿದ್ದುದು ನನ್ನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಬೈದರೂ ಒಳ್ಳೆಯ ಕನ್ನಡದಲ್ಲಿ ಬೈದರಲ್ಲ ಎಂದು ಸುಮ್ಮನಿರುತ್ತಿದ್ದೆ. ‘ಮೇಷ್ಟ್ರು ಕಟ್ ಮಾಡಿದರು’ ಎಂದರೆ ಏನು ಉಳಿಯಿತು?

ನಮ್ಮ ತಣಿಸಂದ್ರದ ಸುತ್ತಮುತ್ತ ಹೊಲಗಳಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಕುಡುಗೋಲು ಹೋಯಿತು, ‘ಕೊಯ್ಲು’ ಪಠ್ಯಪುಸ್ತಕ ಸೇರಿತು. ಇದಕ್ಕೆ ಮಕ್ಕಳನ್ನು ದೂರಲಾಗದು. ಕಾಣದ ಕೆಲಸದ ಹೆಸರು ಅವರಿಗೆ ಬರುವುದಾದರೂ ಹೇಗೆ? ಆದರೆ ಅಡುಗೆಮನೆ ಎಲ್ಲಿಗೂ ಹೋಗಿಲ್ಲವಲ್ಲ! ಬೀನ್ಸು, ಸೋರೆಕಾಯಿ, ಕೊತ್ತಂಬರಿ ಸೊಪ್ಪು ಇಂದಿಗೂ ದಿನವೂ ಬರುತ್ತವೆ. ನಮ್ಮ ಬೀದಿಯ ಮನೆಯೊಂದರಲ್ಲಿ ಅಜ್ಜಿ ಮೊಮ್ಮಗಳಿಗೆ ‘ಬೀನ್ಸು ಹೆಚ್ಚಿಕೊಡು ಪುಟ್ಟಿ’ ಎಂದರು. ಮಗು ಬುಟ್ಟಿಯಿಂದ ಇನ್ನೊಂದು ಹಿಡಿ ಬೀನ್ಸನ್ನು ತಂದು ಸುರಿಯಿತು. ಅದಕ್ಕೆ ಗೊತ್ತಿದ್ದ ‘ಹೆಚ್ಚು’ ಅದೊಂದೇ. ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜಿಯ ಕನ್ನಡ ಮೊಮ್ಮಗಳಿಗೆ ತಲುಪುವ ದಾರಿ ಆ ಅಡುಗೆಮನೆಯಲ್ಲೇ, ಎಲ್ಲರ ಕಣ್ಣೆದುರಿಗೇ ಕಡಿದುಹೋಗಿತ್ತು.

‘ಭಾಷೆ ಹರಿಯುವ ನೀರು, ಬದಲಾಗುತ್ತಲೇ ಇರುತ್ತದೆ, ನೀವು ಅಣೆಕಟ್ಟು ಕಟ್ಟಲು ಹೊರಟಿದ್ದೀರಿ’ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಸ್ವಾಮಿ, ಎರವಲಿನ ಪಾಠವನ್ನು ಕನ್ನಡಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುರ್ಚಿ, ಸಾಬೂನು, ಅಲಮಾರು, ರಸ್ತೆ ಎಲ್ಲವೂ ಹೊರಗಿನಿಂದ ಬಂದವೇ. ನಮ್ಮೂರಿನ ಹೆಸರಿನಲ್ಲಿರುವ ‘ಸಂದ್ರ’ವೂ ಸಂಸ್ಕೃತದ ‘ಸಮುದ್ರ’. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದು, ಆ ಪದವನ್ನು ನಮ್ಮ ಹಿರಿಯರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ಕ್ರಿಯಾಪದಗಳನ್ನೂ ಹಾಗೆಯೇ ಅರಗಿಸಿಕೊಂಡೆವು: ಚರ್ಚೆ ‘ಚರ್ಚಿಸು’ ಆಯಿತು, ಅರಬ್ಬಿಯ ಬದಲ್ ‘ಬದಲಾಯಿಸು’ ಆಯಿತು, ಪಾರಸಿಯ ರವಾನಾ ‘ರವಾನಿಸು’ ಆಯಿತು. ಕನ್ನಡದ ಪ್ರತ್ಯಯ ತೊಟ್ಟು ಅವು ಮನೆಯ ಮಕ್ಕಳಾದವು. ‘ಕಟ್’ ಹಾಗೆ ಅರಗಿಲ್ಲ. ‘ಮಾಡು’, ‘ಆಗು’ ಎಂಬ ಊರುಗೋಲುಗಳ ಮೇಲೆ ನಿಂತೇ ಇದೆ, ನಿಂತುಕೊಂಡೇ ಹತ್ತು ಪದಗಳನ್ನು ಮನೆಯಿಂದ ಹೊರಗಟ್ಟಿದೆ. ಕುರ್ಚಿ ಬಂದಾಗ ಮಣೆ ಎಂಬ ಪದ ಸಾಯಲಿಲ್ಲ. ಬರುವ ಪದ ಹೊಸ ವಸ್ತುವನ್ನೋ ಹೊಸ ಭಾವವನ್ನೋ ತಂದರೆ ಅದು ಅತಿಥಿ. ಇದ್ದವರನ್ನು ಹೊರದಬ್ಬಿ ಕುಳಿತರೆ ಅದು ಒತ್ತುವರಿ. ಬೆಂಗಳೂರಿನಲ್ಲಿ ಕೆರೆಗಳ ಗತಿ ಕಂಡ ನಮಗೆ ಒತ್ತುವರಿ ಎಂದರೇನೆಂದು ಬಿಡಿಸಿ ಹೇಳಬೇಕೇ?

ಅತಿಥಿಯಾಗಿ ಬಂದ ‘ಕಟ್’ಗೆ ನಾನು ಬಾಗಿಲು ಹಾಕುವುದಿಲ್ಲ. ಚಿತ್ರೀಕರಣದಲ್ಲಿ ನಿರ್ದೇಶಕ ‘ಕಟ್’ ಎನ್ನಲಿ. 1994ರಲ್ಲಿ ಸಿಇಟಿ ಬಂದ ಮೇಲೆ ‘ಕಟ್ ಆಫ್’ ರ್‍ಯಾಂಕಿನ ಮಾತು ಪಿಯುಸಿ ಓದುವ ಮಕ್ಕಳ ಮನೆಗಳಲ್ಲಿ ಬೇರೂರಿತು, ಅದೂ ಇರಲಿ. ಮಾತಿನ ನಡುವೆ ಫೋನು ಕಟ್ ಆದರೆ ಆಗಲಿ. ‘ವಿಚ್ಛೇದನ’ದಂಥ ಭಾರವಾದ ಪದವನ್ನು ಅಲ್ಲಿ ತಂದು ಕೂರಿಸಿ ಎಂದು ನಾನು ಹೇಳುವವನಲ್ಲ. ದೀಪ ಆರಿದೊಡನೆ ನಮ್ಮ ಜನ ‘ಕರೆಂಟು ಹೋಯ್ತು’ ಎನ್ನುತ್ತಾರಲ್ಲ, ಎಷ್ಟು ಸೊಗಸಾದ ಕನ್ನಡ! ಪತ್ರಿಕೆಯ ‘ವಿದ್ಯುತ್ ಕಡಿತ’ವೂ ಬೇಕಿಲ್ಲ, ‘ಪವರ್ ಕಟ್’ ಕೂಡ ಬೇಕಿಲ್ಲ.

ಈ ‘ಕಟ್’ ನಮ್ಮ ‘ಕಟ್ಟು’ವಿನ ಪಕ್ಕದಲ್ಲೇ ಬಂದು ಕುಳಿತಿರುವುದು ಇನ್ನೊಂದು ವಿನೋದ. ‘ಬಿಲ್ಲು ಕಟ್ಟಲಿಲ್ಲ, ಅದಕ್ಕೇ ಲೈನ್ ಕಟ್ ಮಾಡಿದರು’ ಎನ್ನುತ್ತೇವೆ. ಒಂದೇ ವಾಕ್ಯದಲ್ಲಿ ಎರಡು ಭಾಷೆ, ಎದುರುಬದುರು ಅರ್ಥ. ಅನೇಕಾರ್ಥದ ಪವಾಡ ನೋಡಬೇಕೆಂದರೆ ಆಕ್ಸ್‌ಫರ್ಡಿಗೇ ಹೋಗಬೇಕಾಗಿಲ್ಲ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಶುಲ್ಕ ಕಟ್ಟುತ್ತೇವೆ, ಕತೆ ಕಟ್ಟುತ್ತೇವೆ. ನೆಗಡಿಯಾದರೆ ಮೂಗು ಕಟ್ಟುತ್ತದೆ. ಹೋಳಿಗೆಯ ದಿನ ಬೇಳೆ ಬೇಯಿಸಿದ ಕಟ್ಟಿನಿಂದ ಸಾರು ಮಾಡುತ್ತೇವೆ. 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟನ್ನೋ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೋ ಬಿಡಿಸಿ ಕೂತರೆ ಇಂಥ ಪದಗಳ ನಡುವೆ ಒಂದು ಮಧ್ಯಾಹ್ನವೇ ಕಳೆದುಹೋಗುತ್ತದೆ. ಆ ನಿಘಂಟಿಗಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು ಅಧ್ಯಾಪಕರಾಗಿದ್ದವರು, ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳಿಗೆ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರಿಸಿದವರು. 2021ರಲ್ಲಿ, 107ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಂಥವರು ಕೂಡಿಸಿಟ್ಟ ಪದಗಳನ್ನು ನಾವು ಬಳಸದೆ ಹೋದರೆ ಆ ಸಂಪುಟಗಳು ಕಪಾಟಿನ ಅಲಂಕಾರವಾಗುತ್ತವೆ, ಅಷ್ಟೇ.

ಸರ್ಕಾರ ಆದೇಶ ಹೊರಡಿಸಲಿ, ಶಾಲೆಗಳು ಕಲಿಸಲಿ ಎಂದು ಕೈಕಟ್ಟಿ ಕೂರುವುದು ನಮ್ಮ ಹಳೆಯ ರೋಗ. ಕ್ರಿಯಾಪದವನ್ನು ಕಲಿಸುವುದು ಕೆಲಸ, ಅದು ನಡೆಯುವ ಜಾಗ ಮನೆ. ನನ್ನ ವಿದ್ಯಾರ್ಥಿಗಳಲ್ಲಿ ಈಗ ಅಪ್ಪ ಅಮ್ಮಂದಿರಾದವರು, ಅಜ್ಜ ಅಜ್ಜಿಯರೂ ಆದವರು ಇದ್ದೀರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬದನೆಕಾಯಿ ಹೆಚ್ಚಿ, ಕುಂಡದ ತುಳಸಿಯ ಕದಿರು ಚಿವುಟಿ, ದಾಸವಾಳದ ಗಿಡ ಸವರಿ. ಮಾಡುತ್ತಾ ಆ ಪದಗಳನ್ನು ಬಾಯಿಬಿಟ್ಟು ಹೇಳಿ. ಇಂಗ್ಲಿಷಿನಲ್ಲೇ ಹೇಳಬೇಕೆನಿಸಿದರೆ ಚಾಪ್ ಎನ್ನಿ, ಪ್ರೂನ್ ಎನ್ನಿ; ಆಗಲೂ ನನಗೆ ಸಂತೋಷವೇ. ನಿಮ್ಮ ಊರಿನ ಕಡೆ, ನಿಮ್ಮ ಅಜ್ಜಿಯ ಮಾತಿನಲ್ಲಿ ನಾನಿಲ್ಲಿ ಹೇಳದೆ ಬಿಟ್ಟ ಇಂಥ ಕ್ರಿಯಾಪದಗಳು ಇದ್ದೇ ಇರುತ್ತವೆ. ಅವುಗಳನ್ನು ನನಗೆ ಬರೆದು ತಿಳಿಸಿ. ಉತ್ತರಪತ್ರಿಕೆ ತಿದ್ದುವ ಚಪಲ ಇನ್ನೂ ಹೋಗಿಲ್ಲವಾದ್ದರಿಂದ, ಬಂದದ್ದಕ್ಕೆಲ್ಲ ಅಂಕ ಕೊಡುತ್ತೇನೆ.