ಎಳೆಯರ ಮನಸ್ಸಿನ ಯೋಗಕ್ಷೇಮ
ವಿಪತ್ಕಾಲದಲ್ಲಿ ಎಳೆಯರಿಗೆ ಅನ್ನವಸ್ತ್ರಗಳನ್ನು ಒದಗಿಸಿದರೆ ಸಾಕೆಂದು ನಾವು ಬಗೆಯುವುದುಂಟು. ಚಿತ್ರಕರ್ತೆ ಫ್ರೀಡಲ್ ಡಿಕರ್-ಬ್ರಾಂಡೈಸ್ ಹಾಗೆ ಬಗೆಯಲಿಲ್ಲ. ಯಹೂದ್ಯಳೆಂಬ ಕಾರಣದಿಂದ ನಾಜಿಗಳು ಆಕೆಯನ್ನು 1942ರಲ್ಲಿ ಚೆಕ್ ನಾಡಿನ ತೆರೆಜಿನ್ ಎಂಬ ಬಂದೀನೆಲೆಗೆ ತಳ್ಳಿದರು. ಅಲ್ಲಿ ಆಕೆಯು ನೂರಾರು ಮಕ್ಕಳನ್ನು ಕೂಡಿಸಿಕೊಂಡು, ದೊರೆತ ಕಾಗದದ ಚೂರುಗಳಲ್ಲಿಯೇ ಚಿತ್ರಕಲೆಯನ್ನು ಕಲಿಸಿದಳು. ಅಂಜಿದ ಮನಸ್ಸುಗಳು ಗಳಿಗೆಯಾದರೂ ಸ್ವತಂತ್ರವಾಗಿರಲೆಂಬುದೇ ಆಕೆಯ ಹಂಬಲ. ಹಸಿವಿನ ನಡುವೆ ಮಕ್ಕಳು ಹೂವು, ಚಿಟ್ಟೆ, ಬಿಟ್ಟುಬಂದ ಮನೆಗಳನ್ನು ಬರೆದು, ತಮ್ಮ ಹೆಸರನ್ನಿಟ್ಟರು. 1944ರಲ್ಲಿ ಆಕೆಯೂ ಶಿಷ್ಯರಲ್ಲಿ ಬಹುಮಂದಿಯೂ ಔಷ್ವಿಟ್ಸಿನಲ್ಲಿ ಹತರಾದರು. ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಇಂದಿಗೂ ಪ್ರಾಗ್ ನಗರದಲ್ಲಿವೆ. ಪ್ರಾಣವನ್ನುಳಿಸಲಾರದ ಸ್ಥಳದಲ್ಲಿಯೂ ಆಕೆಯು ಮಕ್ಕಳ ಮನಸ್ಸನ್ನು ಕಾಯ್ದಳು. ಆದಕಾರಣ ರೋಗ, ಪ್ರವಾಹ, ಗಲಭೆಗಳ ದಿನಗಳಲ್ಲಿ ನೆರೆಮನೆಯ ಎಳೆಯರನ್ನೂ ನಿಮ್ಮ ಜಗಲಿಗೆ ಕರೆದು, ಕೈಗೊಂದು ಕೆಲಸವನ್ನು ಕೊಡಿರಿ, ಉಪದೇಶವು ಆಮೇಲಾಗಲಿ.