ಅಕ್ಷರವೂ ಸಾರ್ವಜನಿಕ ಸ್ವತ್ತಾಗಲಿ

ಬರಪೀಡಿತ ತಾಲ್ಲೂಕುಗಳ ಕೃಷಿ ಕೂಲಿಯನ್ನು ಕುರಿತು 2003ರಲ್ಲಿ ನಾನು ಸಿದ್ಧಪಡಿಸಿದ್ದ ವರದಿಯೊಂದರ ಗಣಕ ಪ್ರತಿಯನ್ನು ಕಳೆದ ಬೇಸಿಗೆಯಲ್ಲಿ ತೆರೆದೆ. ಪರದೆಯ ಮೇಲೆ ಕಂಡದ್ದು ಕನ್ನಡವಲ್ಲ. ರೋಮನ್ ಅಕ್ಷರಗಳು, ಆವರಣ ಚಿಹ್ನೆಗಳು ಕಲಸಿಹೋದ ಅರ್ಥಹೀನ ಸಾಲುಗಳು. ಕಡತ ಕೆಟ್ಟಿರಲಿಲ್ಲ. ಅದನ್ನು ಬರೆಯಲು ಬಳಸಿದ ಫಾಂಟ್ ಈಗಿನ ಗಣಕದಲ್ಲಿ ಇರಲಿಲ್ಲ, ಅಷ್ಟೆ. ಸಾರ್ವಜನಿಕ ಹಣದಿಂದ ಸಿದ್ಧವಾದ 90 ಪುಟಗಳು ಇಪ್ಪತ್ತು ವರ್ಷಗಳಲ್ಲೇ ಓದಲಾಗದ ಲಿಪಿಯಾಗಿದ್ದವು.

ಕಾರಣ ಸರಳ. ಅಂದಿನ ಕನ್ನಡ ಫಾಂಟುಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ನಮ್ಮ ತಲೆಕಟ್ಟು, ಗುಡಿಸು, ಒತ್ತುಗಳನ್ನು ಕೂರಿಸಲಾಗುತ್ತಿತ್ತು. ಗಣಕದ ಪಾಲಿಗೆ ಅದು ಇಂಗ್ಲಿಷೇ. ಫಾಂಟ್ ಎಂಬ ವೇಷ ಕಳಚಿದರೆ ಬಣ್ಣ ಬಯಲಾಗುತ್ತಿತ್ತು. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಸ್ಥಾನ ನೀಡಿದ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತಾದರೂ ನಮ್ಮ ಕಚೇರಿಗಳಿಗೆ ಅದು ತಲುಪಿದ್ದು ಬಹಳ ತಡವಾಗಿ.

ವರದಿಯನ್ನು ಮತ್ತೆ ಅಚ್ಚಿಗೆ ಸಿದ್ಧಪಡಿಸಲು ನಾನು ಆಯ್ದುಕೊಂಡದ್ದು ಟೆಕ್ ಪರಿವಾರದ ತಂತ್ರಾಂಶವನ್ನು. ತಮ್ಮ ಪುಸ್ತಕದ ಕರಡಚ್ಚು ನೋಡಿ ಬೇಸರಗೊಂಡ ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್ 1977ರಲ್ಲಿ ಆರಂಭಿಸಿ, ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟ ಅಕ್ಷರಜೋಡಣೆಯ ವ್ಯವಸ್ಥೆಯಿದು. 2004ರಲ್ಲಿ ಬಂದ ಅದರ ಝೀಟೆಕ್ ಎಂಬ ರೂಪ ಯೂನಿಕೋಡ್ ಪಠ್ಯವನ್ನು ನೇರವಾಗಿ ಓದುತ್ತದೆ. ಗಣಕದಲ್ಲಿ ಸ್ಥಾಪಿಸಿದ ಯಾವುದೇ ಫಾಂಟನ್ನು ಹೆಸರು ಹೇಳಿ ಕರೆಯಬಹುದು. ಫಾಂಟ್ ಇಳಿಸಿಕೊಂಡು ಸ್ಥಾಪಿಸುವುದು ಐದು ನಿಮಿಷದ ಕೆಲಸ. ಪಾಠ ಕಲಿತದ್ದು ಆನಂತರ.

ಮೊದಲ ಪುಟದಲ್ಲಿ 'ಕರ್ನಾಟಕ' ಎಂಬ ಪದವೇ ಮುರಿದುಬಿತ್ತು. ಅರ್ಕಾವತ್ತು ತನ್ನ ಜಾಗಕ್ಕೆ ಹೋಗದೆ, ರಕಾರದ ಮೇಲೆ ಹಲಂತದ ಗುರುತು ಹೊತ್ತು ನಿಂತಿತ್ತು. ಫಾಂಟನ್ನು ಹೆಸರಿಸುವ ಸಾಲಿನಲ್ಲೇ ಲಿಪಿ ಕನ್ನಡವೆಂದು ಬೇರೆಯಾಗಿ ಸೂಚಿಸಬೇಕು. ಆಗಷ್ಟೇ ಫಾಂಟಿನೊಳಗಿನ ಒತ್ತಕ್ಷರದ ನಿಯಮಗಳು ಎಚ್ಚರಗೊಳ್ಳುತ್ತವೆ. ಅದನ್ನು ಸರಿಪಡಿಸಿದರೆ ಅಧ್ಯಾಯದ ಶೀರ್ಷಿಕೆಗಳು ದಪ್ಪವಾಗಲಿಲ್ಲ. ನಾನು ಆರಿಸಿದ ಫಾಂಟಿಗೆ ಒಂದೇ ತೂಕವಿತ್ತು, ದಪ್ಪ ರೂಪವೇ ಇರಲಿಲ್ಲ. ತಂತ್ರಾಂಶ ಈ ವಿಷಯವನ್ನು ದಿನಚರಿ ಕಡತದ ಮೂಲೆಯಲ್ಲಿ ದಾಖಲಿಸಿ ಸುಮ್ಮನಾಗಿತ್ತು. ನಮ್ಮ ಕೆಲವು ಕಚೇರಿಗಳ ನೆನಪು ಬಂತು. ಒಂದು ಪುಸ್ತಕಕ್ಕೆ ಬೇಕಾದದ್ದು ಒಂಟಿ ಫಾಂಟ್ ಅಲ್ಲ, ಫಾಂಟ್ ಕುಟುಂಬ ಎಂಬುದು ಆಗ ಅರಿವಾಯಿತು. ಕೊನೆಗೆ ಒಂಬತ್ತು ತೂಕಗಳಲ್ಲಿ ದೊರೆಯುವ ನೋಟೋ ಸೆರಿಫ್ ಕನ್ನಡ ನನ್ನ ಕೆಲಸಕ್ಕೆ ಒದಗಿತು.

ಈ ಕುಟುಂಬದ ಪರವಾನಗಿಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಮುಕ್ತ ಫಾಂಟ್ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ, ತಿದ್ದಿ ಹಂಚುವವರೂ ಅದೇ ಷರತ್ತಿಗೆ ಬದ್ಧರು. ನಾನು ಬಳಸಿದೆನೆಂದು ಇನ್ನೊಬ್ಬರ ಪಾಲು ಕಡಿಮೆಯಾಗುವುದಿಲ್ಲ. ಸಾರ್ವಜನಿಕ ಸರಕಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನನ್ನ ಎಂ.ಎ. ದಿನಗಳ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ಆದರೆ ಸಾರ್ವಜನಿಕ ಸರಕಿಗೆ ಹಣ ಹೂಡುವವರು ವಿರಳ ಎಂಬ ಹಳೆಯ ತೊಡಕು ಇಲ್ಲಿಯೂ ಇದೆ. 34 ವ್ಯಂಜನಗಳು, ಅವುಗಳ ಗುಣಿತ, ಪ್ರತಿಯೊಂದರ ಒತ್ತು, ಇವೆಲ್ಲ ಹೊಂದಿಕೊಂಡು ಸಾಲು ಕೆಡದಂತೆ ರೂಪಿಸುವುದು ತಿಂಗಳುಗಟ್ಟಲೆಯ ಕುಶಲ ಕೆಲಸ. ಕನ್ನಡದ ಕೆಲವು ಮುಕ್ತ ಫಾಂಟುಗಳು ಉತ್ಸಾಹಿಗಳ ಬಿಡುವಿನ ವೇಳೆಯ ಕೊಡುಗೆ. ಇನ್ನು ಕೆಲವು ಬಹುರಾಷ್ಟ್ರೀಯ ಕಂಪನಿಯ ಔದಾರ್ಯ.

ಕೇರಳದಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸಮುದಾಯ ಮೀರಾ, ರಚನಾ ಮೊದಲಾದ ಮುಕ್ತ ಫಾಂಟುಗಳನ್ನು ಪೋಷಿಸಿಕೊಂಡು ಬಂದಿದೆ. 2016ರಲ್ಲಿ ಅದು ಹೊರತಂದ ಮಂಜರಿ ಮೂರು ತೂಕಗಳ ಕುಟುಂಬ. ನಮ್ಮಲ್ಲಿ ಆ ಬಗೆಯ ಸತತ ಪೋಷಣೆ ಕಾಣುವುದಿಲ್ಲ. ನಾನು ವಿಚಾರಿಸಿದ ಒಂದು ಮುದ್ರಣಾಲಯದಲ್ಲಂತೂ, ಯೂನಿಕೋಡ್ ಪಠ್ಯವನ್ನು ಹಳೆಯ ಸಂಕೇತಕ್ಕೆ ಮರಳಿ ಬದಲಾಯಿಸಿ ಕೊಡಿ, ತಮ್ಮ ಬಳಿಯಿರುವ ಫಾಂಟುಗಳೆಲ್ಲ ಅದರಲ್ಲೇ ಇವೆ ಎಂದರು. ಅಕ್ಷರಗಳನ್ನು ಒಳಗೇ ಹುದುಗಿಸಿಕೊಂಡಿರುವ ಪಿಡಿಎಫ್ ಪ್ರತಿಯನ್ನು ಮುಂದಿಟ್ಟ ಮೇಲೆ ಒಪ್ಪಿದರು.

ಯೂನಿಕೋಡ್ ಬಳಸಿ ಎಂದು ಸುತ್ತೋಲೆ ಹೊರಡಿಸಿದರೆ ಸಾಲದು. ಸರ್ಕಾರದ ಹಣದಿಂದ ಪ್ರಕಟವಾಗುವ ಪ್ರತಿ ವರದಿ, ಗ್ರಂಥ, ಪಠ್ಯಪುಸ್ತಕದ ಮೂಲ ಕಡತವನ್ನು ಮುಕ್ತ ಪರವಾನಗಿಯ ಫಾಂಟಿನಲ್ಲೇ ಒಪ್ಪಿಸಬೇಕೆಂಬ ಷರತ್ತು ಟೆಂಡರಿನಲ್ಲೇ ಇರಬೇಕು. ದಪ್ಪ, ತೆಳು ರೂಪಗಳೂ ಹಳಗನ್ನಡದ ಱ, ೞ ಅಕ್ಷರಗಳೂ ಉಳ್ಳ ಎರಡು ಮೂರು ಕುಟುಂಬಗಳ ರಚನೆಗೂ, ಮುಖ್ಯವಾಗಿ ವರ್ಷ ವರ್ಷದ ದುರಸ್ತಿಗೂ ಆಯವ್ಯಯದಲ್ಲಿ ಒಂದು ಶೀರ್ಷಿಕೆ ತೆರೆಯಬೇಕು. ರಸ್ತೆಯ ಕಾಮಗಾರಿಗೆ ಕೊಡುವ ಗಮನವನ್ನು ನಿರ್ವಹಣೆಗೆ ಕೊಡದ ನಮ್ಮ ಅಭ್ಯಾಸ ಇಲ್ಲಿಗೂ ಬರಬಹುದೆಂಬ ಅಳುಕಿನಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ನನ್ನ ಹಳೆಯ ವರದಿಯನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದದ್ದಾಗಿದೆ. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದೇ ಭಾವಿಸಿ ಚಿಂದಿ ಮಾಡಿದೆ. ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಈವರೆಗೆ 60 ಪುಟ ತಿದ್ದಿದ್ದೇನೆ. ಕೂಲಿ ದರಗಳ ಕೋಷ್ಟಕಗಳು ಇನ್ನೂ ಬಾಕಿ ಇವೆ.