ಪಿಕಪ್ ಆಯ್ಕೆ: ಹೊರುವ ಭಾರಕ್ಕೆ ಜೀವವಿದ್ದಾಗ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಸಣ್ಣ ಸರಕು ವಾಹನ ಕೊಳ್ಳಲು ಹೊರಟವರು ಮಾರಾಟ ಮಳಿಗೆಯಲ್ಲಿ ಕೇಳುವ ಮೊದಲ ಪ್ರಶ್ನೆ, "ಎಷ್ಟು ಬಾಕ್ಸ್ ಹಿಡಿಯುತ್ತದೆ?" ಎಂಬುದು. ಎರಡನೆಯದು ತಿಂಗಳ ಕಂತಿನದು. ಬ್ರೇಕಿನ ವಿಷಯ ಸಾಮಾನ್ಯವಾಗಿ ಮೂರನೆಯ ಪ್ರಶ್ನೆಯೂ ಆಗುವುದಿಲ್ಲ. ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದು ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಇರುವಾಗ ಟೊಮೇಟೊ ಬಾಕ್ಸೇ ವಾಹನದ ಅಳತೆಗೋಲಾಗಿರುವುದು ಸಹಜ. ಆದರೆ ಅದೇ ವಾಹನ ವರ್ಷದ ಉಳಿದ ದಿನಗಳಲ್ಲಿ ಇಟ್ಟಿಗೆ, ಮಾವು, ಮೇವು ಹೊರುತ್ತದೆ. ಸಂತೆಯ ದಿನ ಹಸುವನ್ನೂ ಹೊರುತ್ತದೆ. ಈ ಕೊನೆಯ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ವಾಹನವನ್ನು ಆರಿಸುವವರು ವಿರಳ.

1986ರಲ್ಲಿ ಬಂದ ಟಾಟಾ 407, 2005ರ ಟಾಟಾ ಏಸ್, 2011ರ ಅಶೋಕ್ ಲೇಲ್ಯಾಂಡ್ ದೋಸ್ತ್, ಇವುಗಳ ನಡುವೆ ಹಳ್ಳಿಹಳ್ಳಿಗೂ ತಲುಪಿದ ಮಹೀಂದ್ರ ಬೊಲೆರೊ ಪಿಕಪ್, ಹೀಗೆ ಆಯ್ಕೆಗೆ ಈಗ ಕೊರತೆಯಿಲ್ಲ. ಕೊರತೆ ಇರುವುದು ಲೆಕ್ಕಾಚಾರದಲ್ಲಿ. ನೋಂದಣಿ ಪತ್ರದಲ್ಲಿ ಎರಡು ಅಂಕಿಗಳು ಮುದ್ರಿತವಾಗಿರುತ್ತವೆ: ಖಾಲಿ ವಾಹನದ ತೂಕ ಮತ್ತು ಅನುಮತಿಸಲಾದ ಒಟ್ಟು ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹೊರಬಹುದಾದ ಭಾರ ದೊರೆಯುತ್ತದೆ. ಇದರಲ್ಲಿ ಚಾಲಕ ಮತ್ತು ಸಹಾಯಕನ ತೂಕವೂ ಸೇರಿದೆ. ಕೊಂಡ ಮೇಲೆ ಬಾಡಿ ಕಟ್ಟುವವರಲ್ಲಿ ಏರಿಸಿದ ಕಬ್ಬಿಣದ ಕಟಕಟೆಯ ತೂಕವೂ ಇದರಲ್ಲೇ ಕಳೆಯುತ್ತದೆ.

ಟೊಮೇಟೊ ಬಾಕ್ಸಿಗೆ 15 ಕೆ.ಜಿ. ಎಂಬುದು ಕೋಲಾರದ ರೂಢಿ. ಪ್ಲಾಸ್ಟಿಕ್ ಬಾಕ್ಸಿನ ಸ್ವಂತ ತೂಕವನ್ನೂ ಸೇರಿಸಿದರೆ ಸುಮಾರು 17 ಕೆ.ಜಿ. ಆಗುತ್ತದೆ. ಒಂದೂಕಾಲು ಟನ್ನಿನ ಪಿಕಪ್ಪಿನಲ್ಲಿ ಇಬ್ಬರು ಕುಳಿತರೆ ಉಳಿಯುವುದು ಹೆಚ್ಚುಕಡಿಮೆ 1,110 ಕೆ.ಜಿ., ಎಂದರೆ 65 ಬಾಕ್ಸ್. 1.7 ಟನ್ನಿನ ವಾಹನಕ್ಕೆ ಸುಮಾರು 90 ಬಾಕ್ಸ್. ಸುಗ್ಗಿಯಲ್ಲಿ ಮಾರುಕಟ್ಟೆಯ ಬಾಗಿಲಿನಲ್ಲಿ ನಿಂತು ನೋಡಿದವರಿಗೆ ಈ ಸಂಖ್ಯೆಗಳು ಎಷ್ಟು ಸಂಕೋಚದವೆಂದು ಬೇರೆ ಹೇಳಬೇಕಾಗಿಲ್ಲ. ಮಾಲೂರಿನ ಇಟ್ಟಿಗೆಯಂತೂ ಕಣ್ಣಿಗೆ ಮೋಸ ಮಾಡುವ ಸರಕು. ಪಿಕಪ್ಪಿನ ತಳದ ಮೇಲೆ ಒಂದು ಗೇಣು ಎತ್ತರ ಜೋಡಿಸಿದರೆ ಒಂದೂವರೆ ಟನ್ ಮುಗಿದಿರುತ್ತದೆ, ವಾಹನ ಮಾತ್ರ ಅರ್ಧ ಖಾಲಿಯಂತೆ ತೋರುತ್ತದೆ.

ಅಧಿಕ ಭಾರಕ್ಕೆ ಚಾಲಕನ ದುರಾಸೆಯೇ ಕಾರಣವೆಂದು ಹೇಳುವುದು ಸುಲಭ. ಬಾಡಿಗೆ ಬಾಕ್ಸಿಗಿಷ್ಟು ಎಂದು ನಿಗದಿಯಾಗಿರುವೆಡೆ 66ನೆಯ ಬಾಕ್ಸಿನಿಂದ ಮೇಲಿನದೇ ಅವನಿಗೆ ನಿಜವಾದ ಲಾಭವಾಗಿ ಕಾಣುತ್ತದೆ. ವ್ಯಾಪಾರಿಗೂ ಒಂದು ಟ್ರಿಪ್ ಉಳಿಯುತ್ತದೆ. ಆದರೆ ಮೋಟಾರು ವಾಹನ ಕಾಯಿದೆಯ 194ನೆಯ ಕಲಮು 2019ರ ತಿದ್ದುಪಡಿಯ ಅನಂತರ ಅಧಿಕ ಭಾರಕ್ಕೆ 20,000 ರೂ. ದಂಡವನ್ನೂ, ಮಿತಿಮೀರಿದ ಪ್ರತಿ ಟನ್ನಿಗೆ ಮತ್ತೆ 2,000 ರೂ.ಗಳನ್ನೂ ವಿಧಿಸುತ್ತದೆ, ಚಲಾಯಿಸುವವನನ್ನಷ್ಟೇ ಅಲ್ಲ, ಹಾಗೆ ಚಲಾಯಿಸಲು ಕಾರಣನಾದವನನ್ನೂ ಅದು ಹೆಸರಿಸುತ್ತದೆ. ಈ ಎರಡನೆಯ ಮಾತನ್ನು ಮಂಡಿ ಮಾಲೀಕರು ಗಮನಿಸುವುದು ಒಳಿತು.

ಭಾರ ಹೆಚ್ಚಿಸಲು ಈ ಭಾಗದಲ್ಲಿ ರೂಢಿಯಲ್ಲಿರುವ ಉಪಾಯವೆಂದರೆ ಹಿಂಬದಿಯ ಸ್ಪ್ರಿಂಗ್ ಕಟ್ಟಿಗೆ ಒಂದೆರಡು ಪಟ್ಟಿಗಳನ್ನು ಸೇರಿಸುವುದು. ವಾಹನ ಆಗ ಕುಸಿಯುವುದಿಲ್ಲ, ನೋಡಲು ಗಟ್ಟಿಯಾಗಿಯೂ ಇರುತ್ತದೆ. ಆದರೆ ಅನೇಕ ಪಿಕಪ್‌ಗಳಲ್ಲಿ ಹಿಂದಿನ ಚಕ್ರಗಳ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂಬುದನ್ನು ಒಂದು ವಾಲ್ವ್ ನಿರ್ಧರಿಸುತ್ತದೆ; ಅದು ಭಾರವನ್ನು ತಿಳಿಯುವುದು ಹಿಂಬದಿ ಎಷ್ಟು ಕುಸಿದಿದೆ ಎಂಬುದರಿಂದಲೇ. ಪಟ್ಟಿ ಹೆಚ್ಚಿದರೆ ಕುಸಿತ ಕಡಿಮೆಯಾಗುತ್ತದೆ. ವಾಲ್ವು ವಾಹನ ಹಗುರವಾಗಿದೆಯೆಂದು ತಪ್ಪಾಗಿ ಗ್ರಹಿಸಿ ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸುತ್ತದೆ. ಎಂದರೆ ಹೆಚ್ಚು ಭಾರ ಹೇರಿದ ದಿನವೇ ಬ್ರೇಕು ಕಡಿಮೆ. ಮುಳಬಾಗಿಲಿನಿಂದ ನಂಗಲಿ ದಾಟಿ, ಪಲಮನೇರಿನ ಆಚೆ ಮೊಗಿಲಿ ಘಾಟಿಯ ಇಳಿಜಾರಿನಲ್ಲಿ ಚಿತ್ತೂರಿಗೆ ಹೋಗುವ ವಾಹನಕ್ಕೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಎಂಜಿನ್ನಿನ ಅಶ್ವಶಕ್ತಿ ವಾಹನವನ್ನು ಹೊರಡಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಜಾಹೀರಾತುಗಳು ಮಾತ್ರ ಮೊದಲನೆಯದನ್ನೇ ಹಾಡುತ್ತವೆ.

ಇನ್ನು ಜೀವಂತ ಭಾರದ ವಿಷಯ. ಎಂ.ವಿ. ಕೃಷ್ಣಪ್ಪನವರ ಕಾಲದಿಂದ ಕೋಲಾರ ಸೀಮೆಯಲ್ಲಿ ನೆಲೆಯೂರಿದ ಹೈನುಗಾರಿಕೆ ಇಂದು ಟೊಮೇಟೊ ಕೈಕೊಟ್ಟ ವರ್ಷಗಳಲ್ಲಿ ಮನೆಯನ್ನು ಹಿಡಿದು ನಿಲ್ಲಿಸುವ ಉದ್ಯೋಗ. ಮಿಶ್ರತಳಿ ಹಸುವೊಂದು 400ರಿಂದ 500 ಕೆ.ಜಿ. ತೂಗುತ್ತದೆ. ಟೊಮೇಟೊ ಬಾಕ್ಸ್ ಇಟ್ಟಲ್ಲಿ ಇರುತ್ತದೆ. ಹಸು ನಿಂತು ಪ್ರಯಾಣಿಸುತ್ತದೆ, ತಿರುವಿನಲ್ಲಿ ವಾಲುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ ಬರುತ್ತದೆ. ಅದರ ಮೈಭಾರ ತಳದಿಂದ ಬಹಳ ಎತ್ತರದಲ್ಲಿರುವುದರಿಂದ ವಾಹನದ ಸಮತೋಲವೇ ಬೇರೆಯಾಗುತ್ತದೆ. ನುಣುಪಾದ ಕಬ್ಬಿಣದ ತಳದ ಮೇಲೆ ಕಾಲು ಜಾರಿ ಬಿದ್ದ ಹಾಲು ಕರೆಯುವ ಹಸು ಮತ್ತೆ ಏಳದಿದ್ದರೆ, ನಷ್ಟ ಒಂದು ಬಾಕ್ಸಿನದಲ್ಲ, ಒಂದು ಸಂಸಾರದ ಹಲವು ತಿಂಗಳ ಹಾಲಿನ ಬಿಲ್ಲಿನದು.

ಪಾಶ್ಚಾತ್ಯ ದೇಶಗಳಲ್ಲಿ ಕುದುರೆ ಸಾಕುವವರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಅಲ್ಲಿ ಕುದುರೆಗೆಂದೇ ಕಟ್ಟಿದ, ಒಳಗೆ ವಿಭಾಗಗಳಿರುವ ಟ್ರೇಲರನ್ನು ಪಿಕಪ್ಪಿನ ಹಿಂದೆ ಸಿಕ್ಕಿಸಿ ಒಯ್ಯುತ್ತಾರೆ. ಕೆಲಸ ಮುಗಿದ ಮೇಲೆ ಟ್ರೇಲರ್ ಮನೆಯಂಗಳದಲ್ಲಿ ಉಳಿಯುತ್ತದೆ, ಪಿಕಪ್ ಬೇರೆ ಕೆಲಸಕ್ಕೆ ಹೋಗುತ್ತದೆ. ಅಂಥ ಟ್ರೇಲರಿಗೆ ಸ್ವಂತ ಬ್ರೇಕು ಇರುತ್ತದೆ, ಅದರ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳುವಂತೆ ಹೊಂದಿಸಲಾಗುತ್ತದೆ. ಕೋಲಾರ ಭಾಗದಲ್ಲಿ ಪಿಕಪ್ಪನ್ನು ಹೊರಲೆಂದು ಕೊಳ್ಳುತ್ತಾರೆ, ಎಳೆಯಲೆಂದಲ್ಲ. ಎಳೆಯುವುದು ಟ್ರ್ಯಾಕ್ಟರಿನ ಕೆಲಸ, ಅದರ ಟ್ರೇಲರುಗಳಲ್ಲಿ ಬಹುಪಾಲಿಗೆ ಬ್ರೇಕೇ ಇರುವುದಿಲ್ಲ. ಹಾಗಾಗಿ ಆ ಪದ್ಧತಿಯನ್ನು ಇದ್ದಂತೆಯೇ ತರಲಾಗದು. ಆದರೆ ಅದರ ಹಿಂದಿನ ವಿವೇಕವನ್ನು, ಎಂದರೆ ಪ್ರಾಣಿಗೆ ಪ್ರಾಣಿಯದೇ ಬಂಡಿ ಬೇಕೆಂಬುದನ್ನು, ಭಾರತದ ಕಾನೂನೂ ಒಪ್ಪಿಕೊಂಡಿದೆ.

ಕೇಂದ್ರ ಮೋಟಾರು ವಾಹನ ನಿಯಮಗಳ 125-ಇ ನಿಯಮವು 2016ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಂತೆ ಜಾನುವಾರು ಸಾಗಿಸುವ ವಾಹನದಲ್ಲಿ ಶಾಶ್ವತ ವಿಭಾಗಗಳಿರಬೇಕು. ಹಸು ಅಥವಾ ಎಮ್ಮೆಗೆ 2 ಚದರ ಮೀಟರ್, ಕುದುರೆಗೆ 2.25 ಚದರ ಮೀಟರ್ ಜಾಗ ಇರಬೇಕು. ಅಂಥ ವಾಹನದಲ್ಲಿ ಬೇರೆ ಸರಕು ಸಾಗಿಸುವಂತಿಲ್ಲ. ಎರಡೂವರೆ ಮೀಟರ್ ಉದ್ದ, 1.7 ಮೀಟರ್ ಅಗಲದ ತಳವಿರುವ ಪಿಕಪ್ಪಿನಲ್ಲಿ ದೊರೆಯುವುದು 4.25 ಚದರ ಮೀಟರ್. ಎರಡು ಹಸುಗಳಿಗೆ ಅಲ್ಲಿಗೆ ಮುಗಿಯಿತು. ತೂಕವೂ ಅದನ್ನೇ ಹೇಳುತ್ತದೆ: ಎರಡು ಹಸು, ಇಬ್ಬರು ಮನುಷ್ಯರು, ವಿಭಾಗದ ಕಬ್ಬಿಣ ಸೇರಿ ಸುಮಾರು 1.3 ಟನ್ ಆಗುವುದರಿಂದ ಒಂದೂಕಾಲು ಟನ್ನಿನ ವಾಹನ ಈ ಕೆಲಸಕ್ಕೆ ಸಾಲದು. ಆವಣಿಯ ಶಿವರಾತ್ರಿ ಜಾತ್ರೆಯ ದನಗಳ ಪರಿಷೆಯಿಂದ ಜೋಡಿ ಎತ್ತು ತರುವವರಿಗೂ ಇದೇ ಲೆಕ್ಕ.

ಹಾಗಾದರೆ ದೊಡ್ಡದನ್ನೇ ಕೊಳ್ಳಬೇಕೆ? ಅಲ್ಲಿಯೂ ಒಂದು ಗಡಿಯಿದೆ. ಕಾಯಿದೆಯ 66ನೆಯ ಕಲಮಿನ ಪ್ರಕಾರ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. 1.7 ಟನ್ ಹೊರುವ ವಾಹನ ಸಹಜವಾಗಿ ಈ ಗಡಿಯನ್ನು ದಾಟುತ್ತದೆ. ಚಾಲನಾ ಪರವಾನಗಿಯ ಗೊಂದಲ ಮಾತ್ರ ಬಗೆಹರಿದಿದೆ: ಒಟ್ಟು ತೂಕ 7,500 ಕೆ.ಜಿ. ಮೀರದ ಸಾಗಣೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು.

ಒಂದೇ ಬೆಳೆಯ ಉತ್ಸಾಹದಲ್ಲಿ ವಾಹನದ ಗಾತ್ರ ನಿರ್ಧರಿಸುವುದರ ಅಪಾಯವನ್ನು ಇತ್ತೀಚಿನ ವರ್ಷಗಳು ತೋರಿಸಿವೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂ. ದಾಟಿತ್ತು, ಆ ಬೆಲೆ ಉಳಿಯಲಿಲ್ಲ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿಗೆ ನಿರ್ಬಂಧ ಹಾಕಿದಾಗ, ಅಲ್ಲಿನ ತಿರುಳು ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರ ಜೊತೆಗೆ ಸಾಗಣೆದಾರರೂ ಕೈಕಟ್ಟಿ ಕೂರಬೇಕಾಯಿತು. ಕಂತಿನ ದಿನಾಂಕ ಮಾತ್ರ ಯಾವ ನಿರ್ಬಂಧಕ್ಕೂ ಒಳಪಡುವುದಿಲ್ಲ.

ಆದ್ದರಿಂದ ಒಂದೇ ವಾಹನದ ಮಾಲೀಕನಿಗೆ ತಕ್ಕದ್ದು, ವರ್ಷದ ಹೆಚ್ಚು ದಿನಗಳ ಹೊರೆಗೆ ಸಾಕಾಗುವ, 3,000 ಕೆ.ಜಿ. ಒಳಗಿನ ಪಿಕಪ್, ಅದರ ಸ್ಪ್ರಿಂಗಿಗೆ ಕೈಹಚ್ಚದೆ, ಬಾಕ್ಸಿನ ಮಿತಿಯನ್ನು ಬಾಗಿಲ ಮೇಲೆ ಬರೆಸಿಕೊಂಡು ಓಡಿಸುವುದು. ಬಾಡಿಗೆಯನ್ನು ಬಾಕ್ಸಿಗೆ ಬದಲು ಟ್ರಿಪ್ಪಿಗೆ ನಿಗದಿ ಮಾಡದೆ ಇದು ಸಾಧ್ಯವಿಲ್ಲ. ಅದು ಮಂಡಿಯವರ ಕೈಯಲ್ಲಿದೆ. ಹಸುವನ್ನು ಮಾತ್ರ ಆ ಪಿಕಪ್ಪಿನಿಂದ ಇಳಿಸಬೇಕು. ತಾಲ್ಲೂಕಿಗೊಂದರಂತೆ, ವಿಭಾಗಗಳೂ ರಬ್ಬರ್ ಹಾಸೂ ಹತ್ತಿಸುವ ಇಳಿಜಾರು ಹಲಗೆಯೂ ಇರುವ ದೊಡ್ಡ ವಾಹನವೊಂದನ್ನು ಹಾಲು ಉತ್ಪಾದಕರ ಸಹಕಾರ ಸಂಘಗಳು ಇಲ್ಲವೆ ರೈತ ಉತ್ಪಾದಕ ಕಂಪನಿಗಳು ಒಟ್ಟಾಗಿ ಕೊಂಡು ಬಾಡಿಗೆಗೆ ಕೊಡಬಹುದು. ವಾಣಿಜ್ಯ ಸಂಸ್ಥೆಗಳು ಬ್ಯಾಂಕುಗಳ ಮುಂದೆ ಇಡಬೇಕಾದ ಪ್ರಸ್ತಾವವಿದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕಕ್ಕೂ ಆರಂಭದಲ್ಲಿ ಒಂದೇ ವಾಹನವಾದರೂ ಸಾಕು. ಸಂತೆಯ ದಿನಗಳು ಬೇರೆಬೇರೆಯಾಗಿರುವಲ್ಲೆಲ್ಲ ಅದು ಸರದಿಯಲ್ಲಿ ಓಡಬಲ್ಲದು.